ತೋಟಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ನಮ್ಮ ಸಂಘದ ಪತ್ರಿಕೆಯ ಯುಗಾದಿ ಸಂಚಿಕೆ ಮುದ್ರಣಕ್ಕೆ ಹೋಗಲು ಇನ್ನು ಒಂದೇ ರಾತ್ರಿ ಉಳಿದಿದೆ. ಬೇವು-ಬೆಲ್ಲದ ಬಗ್ಗೆ ಪ್ರತಿ ವರ್ಷ ಬರೆಯುವುದನ್ನೇ ಈ ಸಲವೂ ಬರೆದು ಮುಗಿಸುವುದೆಂದು ಭಾನುವಾರ ಮಧ್ಯಾಹ್ನ ಕುಳಿತಿದ್ದೆ. ಎರಡು ಸಾಲು ಆಗಿಯೂ ಇತ್ತು. ಅಷ್ಟರಲ್ಲಿ ಹನ್ನೆರಡು ವರ್ಷದ ಮಗಳು ಭೂಗೋಳದ ಹೋಂವರ್ಕ್ ಹಿಡಿದು ಅಡುಗೆಮನೆಗೆ ಬಂದಳು. "ಅಮ್ಮಾ, ಅಜ್ಜನ ತೋಟಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?"

ಇದೇನು ಮಹಾ ಎಂದುಕೊಂಡು ‘ಎಸ್ಟೇಟ್’ ಎಂದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತೆನ್ನಿ. ಕಾಫಿ ಬೆಳೆಯುವ ನಮ್ಮ ಮೂಡಿಗೆರೆ ಕಡೆ ನೂರಿನ್ನೂರು ಎಕರೆಯವರದು ಎಸ್ಟೇಟ್, ಎಂಟು ಎಕರೆಯವರದು ತೋಟ. ಅವರು ಪ್ಲಾಂಟರುಗಳು, ನಾವು ಬೆಳೆಗಾರರು. ಆದರೂ ಅಪ್ಪ ಗೇಟಿನ ಮೇಲೆ ‘ಎಸ್ಟೇಟ್’ ಎಂದೇ ಬರೆಸಿದ್ದಾರೆ. ಮಗಳು ಒಪ್ಪಲಿಲ್ಲ. ಈ ಇಂಗ್ಲೆಂಡಿನಲ್ಲಿ ಎಸ್ಟೇಟ್ ಎಂದರೆ ಮೊದಲು ನೆನಪಾಗುವುದು ಕೌನ್ಸಿಲ್ ಕಟ್ಟಿಸಿದ ಮನೆಗಳ ಸಾಲು. ಅವಳು ತರಗತಿಯಲ್ಲಿ ಆ ಪದ ಬಳಸಿ, ಗೆಳತಿಯೊಬ್ಬಳು "ನಿಮ್ಮ ಅಜ್ಜನದು ಎಷ್ಟನೆಯ ಮಹಡಿ?" ಎಂದು ಕೇಳಿಯೂ ಆಗಿದೆ. ಸತ್ತವರು ಬಿಟ್ಟುಹೋದ ಆಸ್ತಿಗೂ ಅದೇ ಪದ, ಡಿಕ್ಕಿ ಉದ್ದವಿರುವ ಕಾರಿಗೂ ಅದೇ ಪದ.

‘ಗಾರ್ಡನ್’ ಎನ್ನೋಣವೆಂದರೆ ಅದು ನಮ್ಮ ಹಿತ್ತಲು. ಇಲ್ಲಿ ಒಂದು ಹಿಡಿ ಹುಲ್ಲು, ಒಂದು ಟ್ರ್ಯಾಂಪೊಲೀನ್. (ಅಸ್ಸಾಮಿನ ಚಹಾಕ್ಕೆ ಗಾರ್ಡನ್ ಎನಿಸಿಕೊಳ್ಳುವ ಭಾಗ್ಯವಿದೆ, ನಮ್ಮ ಕಾಫಿಗೆ ಏಕಿಲ್ಲವೋ.) ‘ಆರ್ಚರ್ಡ್’ ಎಂದರೆ ಸೇಬು. ‘ಫಾರ್ಮ್’ ಎಂದರೆ ಹಸು, ಟ್ರ್ಯಾಕ್ಟರ್, ಕಣ್ಣು ಹಾಯುವಷ್ಟೂ ಬಯಲು. ನಮ್ಮದೋ, ಮೇಲೆ ಹಾಲುವಾಣ ಮತ್ತು ಸಿಲ್ವರ್ ಓಕ್, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ನೆರಳಿನಲ್ಲಿ ಕಾಫಿ. ದೂರದಿಂದ ನೋಡಿದವರು ಕಾಡು ಎನ್ನುತ್ತಾರೆ. ಕನ್ನಡಕ್ಕೆ ಈ ರಗಳೆಯೇ ಇಲ್ಲ. ಅಡಿಕೆಗೂ ತೋಟ, ತೆಂಗಿಗೂ ತೋಟ, ವೀಳ್ಯದೆಲೆಗೂ ತೋಟ, ಮನೆಯ ಹಿಂದಿನ ನಾಲ್ಕು ಬದನೆ ಗಿಡಕ್ಕೆ ಕೈತೋಟ. ತಮಾಷೆಯೆಂದರೆ ಕಾಫಿ ತೋಟವನ್ನು ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆಯಲ್ಲ, ಕಾಫಿ ಮಂಡಳಿ. ಅದು ವಾಣಿಜ್ಯ ಸಚಿವಾಲಯದ ಅಧೀನದಲ್ಲಿದೆ.

"ಹಾಗಾದರೆ ಪ್ಲಾಂಟೇಷನ್ ಎಂದು ಬರೆ" ಎಂದೆ. ಅವಳು ಪೆನ್ಸಿಲ್ ಕೆಳಗಿಟ್ಟಳು. ಚರಿತ್ರೆಯ ಪಾಠದಲ್ಲಿ ಈಗ ಕೆರಿಬಿಯನ್ ದ್ವೀಪಗಳ ಕಬ್ಬಿನ ಪ್ಲಾಂಟೇಷನ್ ನಡೆಯುತ್ತಿದೆ. ಹಡಗುಗಳು, ಸರಪಳಿ, ಗುಲಾಮಗಿರಿ ರದ್ದುಮಾಡಿದ 1833ರ ಕಾಯಿದೆ, ಬಿಡುಗಡೆಯಾದ ಗುಲಾಮರಿಗೆ ಬಿಡಿಗಾಸೂ ಇಲ್ಲದೆ ಅವರ ಒಡೆಯರಿಗೆ ಎರಡು ಕೋಟಿ ಪೌಂಡ್ ಪರಿಹಾರ. "ಅಜ್ಜನದು ಪ್ಲಾಂಟೇಷನ್ನೇ?" ಎಂದು ಮೆಲ್ಲಗೆ ಕೇಳಿದಳು.

ನಾನು ಕಾನೂನಿನ ಮರೆಗೆ ಓಡಿದೆ. ನಮ್ಮಲ್ಲಿ 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯಿದೆ 25 ಎಕರೆ, 30 ಆಳುಗಳಿಗೆ ಮೇಲ್ಪಟ್ಟದ್ದನ್ನು ಪ್ಲಾಂಟೇಷನ್ ಎಂದು ಎಣಿಸಿತ್ತು. ಆಮೇಲೆ ಲೆಕ್ಕ ಐದು ಹೆಕ್ಟೇರಿಗೆ, 15 ಆಳುಗಳಿಗೆ ಇಳಿಯಿತು. ಅಜ್ಜನದು ಎಂಟೇ ಎಕರೆ, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. "ಸರಿ, ಹಣ್ಣು ಕೊಯ್ಯುವವರು ಯಾರು?" ಎಂದಳು.

ಅವಳ ವಯಸ್ಸಿನಲ್ಲಿ ನಾನು ಆ ತೋಟದ ರೈಟರ್ ಆಗಿದ್ದೆ. ನಮ್ಮ ಕಡೆ ರೈಟರ್ ಎಂದರೆ ಕತೆ ಬರೆಯುವವರಲ್ಲ, ಹಾಜರಿ ಬರೆಯುವವರು. ಎಸ್ಟೇಟುಗಳಲ್ಲಿ ಅದು ಸಂಬಳದ ಕೆಲಸ. ನಮ್ಮಲ್ಲಿ ಪುಕ್ಕಟೆ ಸಿಕ್ಕವಳು ನಾನು. ಇದೇ ಮಾರ್ಚ್ ತಿಂಗಳು. ಮಧ್ಯಾಹ್ನ ಗುಡ್ಡದ ಹಿಂದೆ ಮೋಡ ಕಪ್ಪಾದರೆ ಅಪ್ಪ ಕಣದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂಮಳೆ ನಮ್ಮನ್ನು ದಾಟಿ ಪಕ್ಕದ ಊರಿಗೆ ಬಿದ್ದರೆ ಆ ರಾತ್ರಿಯ ಊಟಕ್ಕೆ ಮಾತಿಲ್ಲ. ನಮ್ಮಲ್ಲೇ ಬಿದ್ದರೆ, ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು ನನ್ನ ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದರು. ಗಾಜಿನಂಚಿನಲ್ಲಿ ನೀರು ತುಸು ಮೇಲೇರಿರುತ್ತದೆ, ನಡುವಿನ ತಗ್ಗನ್ನು ಓದಬೇಕು. "ಎಷ್ಟು?" "ಒಂದು ಇಂಚು ಹತ್ತು ಸೆಂಟ್." ಇಂಚಿನ ನೂರನೆಯ ಒಂದು ಪಾಲು ಸೆಂಟ್. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ಕಾಫಿಯವರ ಮಳೆ ಮಾತ್ರ ಇಂದಿಗೂ ಇಂಚು-ಸೆಂಟಿನಲ್ಲೇ ಬೀಳುತ್ತದೆ.

ಅಲ್ಲಿಂದ ಎಣಿಕೆ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಬಾಗಿಲು ತೆರೆದರೆ ಇಡೀ ಇಳಿಜಾರು ಬೆಳ್ಳಗೆ. ಮಲ್ಲಿಗೆಯಂಥದೇ ವಾಸನೆ, ಮಲ್ಲಿಗೆಗಿಂತ ಭಾರ. ಅಮ್ಮನಿಗೆ ತಲೆನೋವು ಬರುತ್ತಿತ್ತು. ಜೇನಿನ ಮೊರೆತ ಒಲೆಯ ಹತ್ತಿರಕ್ಕೂ ಕೇಳಿಸುತ್ತಿತ್ತು. ಆ ಎರಡು ಮೂರು ದಿನ ತೋಟಕ್ಕೆ ಯಾರೂ ಇಳಿಯುವಂತಿರಲಿಲ್ಲ, ಮೈ ತಗುಲಿದರೆ ಹೂ ಉದುರುತ್ತದೆ. ನನಗೆ ಅದೇ ಯುಗಾದಿ. ಹಾಜರಿ ಪುಸ್ತಕದಲ್ಲಿ ಆ ದಿನಗಳಿಗೆ ಎಲ್ಲ ಹೆಸರುಗಳ ಮುಂದೆ ಸೊನ್ನೆ ಹಾಕುತ್ತಿದ್ದೆ. ಭಾನುವಾರದ ಬಟವಾಡೆಗೆ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಹೆಂಗಸರು ಬಂದು ಹೆಬ್ಬೆಟ್ಟು ಒತ್ತಿ, ನೋಟುಗಳನ್ನು ಎಣಿಸಿ, "ಹೂವಿನ ವಾರ ಅಲ್ಲವೇ" ಎಂದಷ್ಟೇ ಹೇಳಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಆ ಸೊನ್ನೆಗಳನ್ನು ದುಂಡಗೆ, ಚೆಂದವಾಗಿ ಬರೆಯುತ್ತಿದ್ದೆನೆಂಬುದು ನೆನಪಿದೆ. ಕಾಫಿ ಹೂವಿನ ಬಗ್ಗೆ ಈ ಪತ್ರಿಕೆಯಲ್ಲೇ ನಾಲ್ಕು ಸಲ ಬರೆದಿದ್ದೇನೆ, ಸೊನ್ನೆಗಳ ಬಗ್ಗೆ ಇದೇ ಮೊದಲು.

ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಏನೂ ಅನ್ನದೆ ಅಜ್ಜನಿಗೇ ಕರೆ ಮಾಡಿದಳು. ಅಪ್ಪ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡು, "ಬ್ಯಾಂಕಿನವರು ಅದಕ್ಕೆ ‘ಸೆಕ್ಯೂರಿಟಿ’ ಎನ್ನುತ್ತಾರೆ ಪುಟ್ಟಿ, ಹಾಗೆಯೇ ಬರೆ" ಎಂದರು. ಕೊನೆಗೆ ಅವಳು ಏನು ಬರೆದಳೋ, ನನಗೆ ತೋರಿಸಲಿಲ್ಲ.

ಪುಟ ಮುಗಿಯುತ್ತಿದೆ, ಸೂಚನೆಗಳಿಗೆ ಜಾಗವಿಲ್ಲ, ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಯುಗಾದಿ ಊಟ ಹಬ್ಬದ ನಂತರದ ಶನಿವಾರ, ಎಂದಿನ ಸಭಾಂಗಣದಲ್ಲೇ, ಹನ್ನೊಂದಕ್ಕೆ ಎಂದರೆ ಹನ್ನೊಂದಕ್ಕೆ. ಹೋಳಿಗೆ 140 ಬೇಕು, ಈವರೆಗೆ ಒಪ್ಪಿಕೊಂಡವರಿಂದ ಆಗುವುದು 60. ಶಾಲೆಯ ಕಡೆಯ ಗೇಟಿನಲ್ಲಿ ಕಾರು ನಿಲ್ಲಿಸಬೇಡಿ, ಕಳೆದ ಸಲ ಬೈಸಿಕೊಂಡಿದ್ದೇವೆ. ಕನ್ನಡ ತರಗತಿ ಇನ್ನು ಮುಂದೆ ಭಾನುವಾರ ಹತ್ತೂವರೆಗೆ. ಸದಸ್ಯತ್ವದ ಹಣ ಬಾಕಿ ಇರುವವರಿಗೆ ಅದು ಗೊತ್ತೇ ಇದೆ. ಯಾರ ಮನೆಯಲ್ಲಾದರೂ ಒಣಗಿಸಿದ ಬೇವಿನ ಹೂವಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು. ಕರಡು ತಿದ್ದುತ್ತಿದ್ದ ಗೆಳತಿ ಹಾಸನಕ್ಕೆ ಮರಳಿದ ಮೇಲೆ ಈ ಪತ್ರಿಕೆಯನ್ನು ಒಬ್ಬಳೇ ಎಳೆಯುತ್ತಿದ್ದೇನೆ. ಕತೆ ಬರೆಯುವವರು ನಮ್ಮ ಸಂಘದಲ್ಲಿ ಬೇಕಾದಷ್ಟಿದ್ದಾರೆ. ನನಗೆ ಬೇಕಾಗಿರುವುದು ಒಬ್ಬ ರೈಟರ್, ನಮ್ಮೂರಿನ ಅರ್ಥದಲ್ಲಿ: ಯಾರ ಲೇಖನ ಬಂತು, ಯಾರದು ಬರಲಿಲ್ಲ, ಯಾರ ಹೆಸರಿನ ಕಾಗುಣಿತ ತಪ್ಪಾಯಿತು ಎಂದು ಬರೆದಿಡುವವರು. ಸಂಬಳ ನನಗೆ ಸಿಗುತ್ತಿದ್ದಷ್ಟೇ.

ಪುಟ ಕಳುಹಿಸುವ ಹೊತ್ತಿಗೆ ಇಲ್ಲಿ ರಾತ್ರಿ ಒಂದೂವರೆ, ಊರಿನಲ್ಲಿ ಬೆಳಗಿನ ಏಳು. ಮೊಬೈಲಿಗೆ ಅಪ್ಪನ ಸಂದೇಶ ಬಂದಿದೆ: "ಒಂದು ಇಂಚು ಐದು ಸೆಂಟ್. ಪಕ್ಕದವರಿಗೆ ಮುಕ್ಕಾಲೂ ಇಲ್ಲವಂತೆ."