ಎರಡು ‘ಅವಳು’ಗಳ ಕಾದಂಬರಿ ಬರೆಯುವವರಿಗೆ

ಪ್ರಿಯ ಸಹನಾ,

ಶೈಲ, ನಾಗರತ್ನ ಎಂಬ ಇಬ್ಬರು ಹೆಂಗಸರ ಪ್ರೇಮದ ನಿಮ್ಮ ಕಾದಂಬರಿಯ ಹಸ್ತಪ್ರತಿಯಲ್ಲಿ, ಅವರು ಹತ್ತಿರವಾಗುವ ಹನ್ನೆರಡನೆಯ ಅಧ್ಯಾಯದ ಅಂಚಿನಲ್ಲಿ ‘ಇಲ್ಲಿ ಇನ್ನೂ ಬಿಚ್ಚಿ ಬರೆಯಬೇಕೇ?’ ಎಂದು ಗುರುತು ಹಾಕಿದ್ದೀರಿ. ತಿದ್ದುವ ಮೊದಲು ರ‍್ಯಾಡ್‌ಕ್ಲಿಫ್ ಹಾಲ್ ಎಂಬ ಇಂಗ್ಲಿಷ್ ಲೇಖಕಿ ಬರೆದ ‘ದಿ ವೆಲ್ ಆಫ್ ಲೋನ್ಲಿನೆಸ್’ ಓದಿ. 56 ಅಧ್ಯಾಯಗಳ ದಪ್ಪ ಕಾದಂಬರಿ, ಅಲ್ಲಲ್ಲಿ ಬೇಸರವೂ ಆಗುತ್ತದೆ. ಸ್ಪೇನಿನ ಟೆನೆರಿಫ್ ದ್ವೀಪದ ಓರೋಟಾವಾ ಊರಿನ ಭಾಗ ಬಂದಾಗ ಮಾತ್ರ ನಿಧಾನ ಮಾಡಿ. ಸ್ಟೀಫನ್ ಮತ್ತು ಮೇರಿ ಎಂಬ ಇಬ್ಬರು ಹೆಂಗಸರು ಕಡೆಗೂ ಒಂದಾಗುವ ರಾತ್ರಿಯನ್ನು ಹಾಲ್ ಮುಗಿಸುವ ರೀತಿ ಕನ್ನಡದಲ್ಲಿ ಹೀಗಾಗುತ್ತದೆ: ‘ಆ ರಾತ್ರಿ ಅವರು ಅಗಲಲಿಲ್ಲ.’ ಇಡೀ ಪುಸ್ತಕದಲ್ಲಿ ಹಾಸಿಗೆಯ ಸುದ್ದಿ ಅಷ್ಟೇ. ಅದೂ ಬೈಬಲ್ಲಿನ ಮಾತು. ಸೌಲ ಮತ್ತು ಯೋನಾತಾನ ಸಾವಿನಲ್ಲೂ ಅಗಲಲಿಲ್ಲ ಎಂದು ದಾವೀದ ಶೋಕಿಸುವ ಹಾಡಿನಿಂದ ಎತ್ತಿಕೊಂಡದ್ದು.

ಹಾಗಿದ್ದೂ 1928ರ ನವೆಂಬರಿನಲ್ಲಿ ಲಂಡನ್ನಿನ ಬೋ ಸ್ಟ್ರೀಟ್ ಕೋರ್ಟು ಪುಸ್ತಕವನ್ನು ನಾಶಮಾಡಲು ಆಜ್ಞೆ ಮಾಡಿತು. ಮ್ಯಾಜಿಸ್ಟ್ರೇಟ್ ಚಾರ್ಟ್ರಿಸ್ ಬೈರನ್‌ಗೆ ಚುಚ್ಚಿದ್ದು ಬೇರೆ: ಈ ಹೆಂಗಸರು ತಪ್ಪಿತಸ್ಥರು ಎನ್ನುವ ಒಂದು ಮಾತೂ ಪುಸ್ತಕದಲ್ಲಿ ಇರಲಿಲ್ಲ. ಸಾಕ್ಷಿ ಹೇಳಲು ವರ್ಜೀನಿಯಾ ವುಲ್ಫ್, ಇ. ಎಂ. ಫಾರ್ಸ್ಟರ್ ಅಂಥ ಲೇಖಕರೂ ಸೇರಿ ಸುಮಾರು 40 ಜನ ಸಿದ್ಧರಿದ್ದರು. ಅವರ ಸಾಕ್ಷ್ಯವನ್ನು ಆತ ಕೇಳಲಿಲ್ಲ. ಚೆನ್ನಾಗಿ ಬರೆದಿದ್ದರೆ ಇನ್ನೂ ಹೆಚ್ಚು ಜನ ಓದಿ ಕೆಡುತ್ತಾರೆ ಎಂಬುದು ಆತನ ತರ್ಕ. ಹ್ಯಾವ್‌ಲಾಕ್ ಎಲ್ಲಿಸ್ ಅಂಥ ಲೈಂಗಿಕ ವಿಜ್ಞಾನಿಯ ಮುಮ್ಮಾತು ಇತ್ತು, ಅದೂ ಕಾಪಾಡಲಿಲ್ಲ. ಪ್ರಕಾಶಕರಂತೂ ಪತ್ರಿಕೆಯೊಂದು ಕಿರುಚಿದ ಕೂಡಲೇ ತಾವೇ ಮುಂದಾಗಿ ಗೃಹಮಂತ್ರಿಗೆ ಪ್ರತಿ ಕಳಿಸಿದ್ದರು! ಮುಖಪುಟದಲ್ಲಿ ಒಬ್ಬ ಮನೋವೈದ್ಯರ ಮಾತು ಹಾಕಿಸುವ ಯೋಚನೆ ನಿಮಗಿದೆಯಲ್ಲ, ಬಿಟ್ಟುಬಿಡಿ.

ಅಂದರೆ ಬಿಚ್ಚಿ ಬರೆದಿದ್ದೀರೋ ಮುಚ್ಚಿ ಬರೆದಿದ್ದೀರೋ ಎನ್ನುವುದರ ಮೇಲೆ ಜಗಳ ನಿಂತಿಲ್ಲ. ನೀವು ಇವರನ್ನು ಶಿಕ್ಷಿಸುತ್ತೀರಾ ಎಂದು ಓದುವವರು ಕಾಯುತ್ತಿರುತ್ತಾರೆ. ನಿಮ್ಮ ಕೊನೆಯ ಅಧ್ಯಾಯದ ಬಸ್ ಅಪಘಾತ ಅಲ್ಲಿಂದಲೇ ಬಂದದ್ದು ಅಂತ ನನ್ನ ಗುಮಾನಿ.

ಹಾಲ್ ಅವರಿಂದ ಕಲಿಯಬೇಕಾದದ್ದು ವಸ್ತುಗಳನ್ನು ಬಳಸುವ ರೀತಿ. ಸ್ಟೀಫನ್‌ಳ ಅಪ್ಪನ ಓದುಕೋಣೆಯಲ್ಲಿ ಬೀಗ ಹಾಕಿದ ಒಂದು ಕಪಾಟು. ಮಗಳು ಎಂಥವಳು ಎಂದು ಅಪ್ಪನಿಗೆ ಗೊತ್ತು, ಹೇಳಲಾಗದೆ ಸಾಯುತ್ತಾನೆ. ವರ್ಷಗಳ ಮೇಲೆ ಅವಳೇ ಬೀಗ ತೆಗೆದಾಗ ಲೈಂಗಿಕತೆಯ ಬಗ್ಗೆ ಬರೆದ ಮನೋವೈದ್ಯ ಕ್ರಾಫ್ಟ್-ಎಬಿಂಗನ ಪುಸ್ತಕದ ಅಂಚಿನಲ್ಲಿ, ಅಪ್ಪನ ಕೈಬರಹದಲ್ಲಿ, ಅವಳದೇ ಹೆಸರು. ಆ ಒಂದು ಪುಟಕ್ಕಾಗಿ ಹಾಲ್ ಅವರ ಎಲ್ಲ ಉಪದೇಶವನ್ನೂ ಕ್ಷಮಿಸಬಹುದು. ಕಲಿಯಬಾರದ್ದು ಮೇರಿಯ ಪಾತ್ರ. ಅವಳ ಒಳಮನಸ್ಸು ನಮಗೆ ಸಿಗುವುದೇ ಕಡಿಮೆ. ಕೊನೆಯಲ್ಲಿ ಸ್ಟೀಫನ್ ತನಗೆ ಇನ್ನೊಬ್ಬಳ ನಂಟಿದೆಯೆಂದು ನಟಿಸಿ, ಮೇರಿಯನ್ನು ಮಾರ್ಟಿನ್ ಎಂಬ ಗಂಡಸಿನ ಕಡೆಗೆ ತಳ್ಳುತ್ತಾಳೆ. ಮೇರಿಯನ್ನು ಯಾರೂ ಕೇಳುವುದಿಲ್ಲ, ಲೇಖಕಿಯೂ. ನಿಮ್ಮ ನಾಗರತ್ನನಿಗೂ ಇದೇ ಗತಿಯಾಗಿದೆ. ಕನಿಷ್ಠ ಎರಡು ಅಧ್ಯಾಯ ಅವಳ ಕಣ್ಣಿನಿಂದ ಬರೆಯಿರಿ.

ಇನ್ನು ಭಾಷೆಯ ತೊಡಕು. ‘ಕೈ ಹಿಡಿದಳು. ಬಿಡಿಸಿಕೊಂಡಳು. ನಕ್ಕಳು.’ ಯಾರು ನಕ್ಕದ್ದು? ಗಂಡು-ಹೆಣ್ಣಿನ ದೃಶ್ಯದಲ್ಲಿ ‘ಅನು’, ‘ಅಳು’ ಪ್ರತ್ಯಯಗಳೇ ದಾರಿ ತೋರಿಸುತ್ತವೆ, ಇಲ್ಲಿ ಆ ಸಹಾಯ ಇಲ್ಲ. ಯಾರ ಮನಸ್ಸಿನೊಳಗೆ ಕೂತು ನೋಡುತ್ತಿದ್ದೀರೋ ಅವಳನ್ನು ‘ಇವಳು’ ಮಾಡಿ, ಎದುರಿನವಳನ್ನು ‘ಅವಳು’. ದೃಶ್ಯ ಮುಗಿಯುವವರೆಗೆ ಅದನ್ನು ಅದಲುಬದಲು ಮಾಡಬೇಡಿ. ಕ್ರಿಯೆ ಒಬ್ಬಳಿಂದ ಇನ್ನೊಬ್ಬಳಿಗೆ ದಾಟಿದಾಗ ಹೆಸರೇ ಹಾಕಿ. ‘ಆಕೆ’, ‘ಈಕೆ’ ಬೆರೆಸಿದರೆ ಮೂರನೆಯವಳು ಬಂದಳೇನೋ ಅನ್ನಿಸುತ್ತದೆ.

ತೊಡಕಿನ ಜೊತೆಗೇ ಹಾಲ್‌ಗೆ ಇಲ್ಲದ ಒಂದು ಅನುಕೂಲವೂ ನಿಮಗಿದೆ. ನಾಗರತ್ನ ಮೊದಲಿಂದ ‘ಶೈಲಕ್ಕ, ನೀವು’ ಎನ್ನುತ್ತಾಳೆ. ‘ಅಕ್ಕ’ ಉದುರುವುದು ಯಾವಾಗ? ‘ನೀವು’ ‘ನೀನು’ ಆಗುವುದು ಯಾವಾಗ? ಮುತ್ತಿಗಿಂತ ಮೊದಲೇ ಆಗಲಿ, ಸಾರು ಬಡಿಸುವಾಗಲೋ ಕೊಡೆ ಮಡಿಸುವಾಗಲೋ, ಸಾದಾ ಮಾತಿನಲ್ಲಿ. ಮಾರನೆಯ ದಿನ ಅತ್ತೆಯ ಎದುರು ಅವಳು ಮತ್ತೆ ‘ಶೈಲಕ್ಕ, ನೀವು’ ಅನ್ನಲೇಬೇಕು. ನೀವು ಬಿಚ್ಚಿ ಬರೆಯಬೇಕೆಂದುಕೊಂಡದ್ದೆಲ್ಲ ಆ ಮರಳುವಿಕೆಯಲ್ಲಿ ಬಂದುಬಿಡುತ್ತದೆ.

ಕಾನೂನಿನ ಬಗ್ಗೆ ಕೇಳಿದ್ದೀರಿ. ಬೈರನ್ ಬಳಸಿದ 1868ರ ಹಿಕ್ಲಿನ್ ಅಳತೆಗೋಲನ್ನೇ (ಬರಹ ಓದುವವರ ಮನಸ್ಸು ಕೆಡಿಸುತ್ತದೆಯೇ ಎಂದು ನೋಡುವುದು) ನಮ್ಮ ಸುಪ್ರೀಂ ಕೋರ್ಟು 1964ರಲ್ಲೂ ಬಳಸಿತ್ತು. 2014ರಲ್ಲಿ ಕೈಬಿಟ್ಟು, ಕೃತಿಯನ್ನು ಇಡಿಯಾಗಿ, ಇಂದಿನ ಸಮುದಾಯದ ಮಟ್ಟದಿಂದ ನೋಡಬೇಕೆಂದಿತು. ಅಶ್ಲೀಲತೆಯ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 294. ಸಾಹಿತ್ಯಕ್ಕೆ ವಿನಾಯಿತಿ ಅದರಲ್ಲೇ ಇದೆ. ಹಾಗಾಗಿ ಪತ್ರಿಕೆಗೆ ಕೊಡುವಾಗ ಹನ್ನೆರಡನೆಯ ಅಧ್ಯಾಯವೊಂದನ್ನೇ ಕಿತ್ತು ಕೊಡಬೇಡಿ, ಹಿಂದುಮುಂದಿನ ಅಧ್ಯಾಯಗಳ ಜೊತೆಗೇ ಕೊಡಿ.

ಬಸ್ ಅಪಘಾತ ತೆಗೆದು, ನಾಗರತ್ನನ ಎರಡು ಅಧ್ಯಾಯ ಸೇರಿಸಿದ ಮೇಲೆ ಕಳಿಸಿ. ಅಂಚು ಅಗಲ ಬಿಡಿ, ಗೀಚಲು ಜಾಗ ಬೇಕು.

ವಿಶ್ವಾಸದಿಂದ