ಗೆಳೆಯನಿಗೊಂದು ಪತ್ರ: ಪುಟ್ಟಿಯ ಫೋಟೊ ಪುಸ್ತಕ

ಪ್ರೀತಿಯ ಮಂಜು,

ಬರೋ ತಿಂಗಳು ನಿನ್ನ ಮಗನಿಗೆ ಎರಡು ತುಂಬುತ್ತೆ, ಏನು ಕೊಡೋದು ಗೊತ್ತಾಗ್ತಿಲ್ಲ ಅಂತ ಮೊನ್ನೆ ಫೋನಲ್ಲಿ ಹೇಳಿದೆಯಲ್ಲ. ಬಸ್ಸಲ್ಲಿ ನಿಂತಿದ್ದೆ, ವಿವರವಾಗಿ ಹೇಳೋಕಾಗಲಿಲ್ಲ. ಅವನಿಗೊಂದು ಫೋಟೊ ಪುಸ್ತಕ ಮಾಡಿಕೊಡು ಕಣೋ, ನಿನ್ನ ಕೈಯಾರೆ. ಹೋದ ವರ್ಷ ನನ್ನ ಮಗಳು ಪುಟ್ಟಿಗೆ ನಾನು ಮಾಡಿಕೊಟ್ಟೆ. ಇವತ್ತಿಗೂ ಊಟಕ್ಕೆ ಕೂತರೆ ಅದು ಅವಳ ಪಕ್ಕದಲ್ಲೇ ಇರಬೇಕು.

ಶುರುವಿನಲ್ಲಿ ನಾಮಕರಣ, ಹುಟ್ಟುಹಬ್ಬ, ನಂದಿ ಬೆಟ್ಟ ಅಂತ ನಾವು ದೊಡ್ಡವರು ಸಾಲಾಗಿ ನಿಂತ ಫೋಟೊಗಳನ್ನೇ ಆರಿಸಿಟ್ಟಿದ್ದೆ. ಅವಳು ಅವನ್ನೆಲ್ಲ ಸರಸರ ಸರಿಸಿಬಿಟ್ಟಳು. ಬೆರಳು ನಿಂತಿದ್ದು ಒಂದೇ ಫೋಟೊ ಮೇಲೆ. ಶಿಡ್ಲಘಟ್ಟದ ಹತ್ತಿರ ನಮ್ಮೂರ ಮನೇಲಿ, ನಮ್ಮಪ್ಪನ ಪಂಚೆ ಹಿಡ್ಕೊಂಡು, ರೇಷ್ಮೆ ಹುಳು ಗೂಡು ಕಟ್ಟೋ ಚಂದ್ರಿಕೆ ನೋಡ್ತಾ ನಿಂತಿದಾಳೆ. ಮುಖ ಕೂಡ ಸರಿಯಾಗಿ ಕಾಣಲ್ಲ. ಅಳಿಸಬೇಕು ಅಂದುಕೊಂಡಿದ್ದ ಫೋಟೊ ಅದು.

ಆಮೇಲೆ ಅವಳು ಏನೇನು ನೋಡ್ತಾಳೋ ಅದರ ಫೋಟೊನೇ ತೆಗೆದೆ, ಕುಕ್ಕರಗಾಲಲ್ಲಿ ಕೂತು, ಅವಳ ಕಣ್ಣಿನ ಎತ್ತರದಿಂದ. ಕೊಟ್ಟಿಗೆಯ ಕರು, ಅಮ್ಮನ ಮುದ್ದೆ ಕೋಲು, ಹಿಪ್ಪುನೇರಳೆ ತೋಟದ ಹನಿ ನೀರಿನ ಪೈಪು.

ನಾಲ್ಕನೇ ಜ್ವರದಿಂದ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ರೇಷ್ಮೆ ಹುಳು ಸೊಪ್ಪು ತಿನ್ನೋ ಸದ್ದು ನಿನಗೂ ನೆನಪಿರಬೇಕು. ಹುಳು ಒಟ್ಟು ತಿನ್ನೋ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಕೊನೇ ದಿನಗಳಲ್ಲೇ ಖಾಲಿಯಾಗುತ್ತೆ. ಪುಟ್ಟಿ ಹುಳು ಮನೆ ಬಾಗಿಲಲ್ಲಿ ನಿಂತು ಕಿವಿಗೊಟ್ಟು, "ತಾತಾ, ಒಳಗಡೆ ಮಳೆ" ಅಂದಳು. ಆ ಪುಟದಲ್ಲಿ ಅವಳ ಆ ಮಾತು ಬಿಟ್ಟು ಬೇರೇನೂ ಬರೆದಿಲ್ಲ. ಪಕ್ಕದಲ್ಲಿ ಒಂದು ಗೂಡು ಅಂಟಿಸಿದೀನಿ. ಇಡೀ ಗೂಡು ಅಂಟಿಸಿದ್ರೆ ಒಳಗಿನ ಹುಳು ಕೊಳೆತು ನಾರುತ್ತೆ. ಅದಕ್ಕೆ ಬ್ಲೇಡಲ್ಲಿ ಉದ್ದಕ್ಕೆ ಸೀಳಿ, ಒಳಗಿನದು ತೆಗೆದು, ಬಿಸಿಲಿಗೆ ಒಣಗಿಸಿ ಅರ್ಧ ಹೋಳು ಮಾತ್ರ ಕೂರಿಸಿದೆ. ಅವಳು ಮೊದಲು ಅದನ್ನ ಬೆರಳಲ್ಲಿ ಸವರ್ತಾಳೆ. ಆಮೇಲೆ ಪುಸ್ತಕಕ್ಕೇ ಕಿವಿ ಇಡ್ತಾಳೆ.

ಒಂದು ವಿಷಯದಲ್ಲಿ ನನ್ನ ಕೈಯಿಂದ ತಪ್ಪಾಯ್ತು, ಇನ್ನೂ ಹೊಟ್ಟೆ ಉರಿಯುತ್ತೆ. ಹಸುಗೂಸು ಪುಟ್ಟಿಗೆ ನನ್ನಜ್ಜಿ ಎಣ್ಣೆ ಹಚ್ಚುತ್ತಿದ್ದ ಫೋಟೊ, ಇದ್ದದ್ದೇ ಒಂದು ಪ್ರತಿ. ಅದಕ್ಕೆ ಬಿಳಿ ಗಮ್ ಬಳಿದು ನೇರ ಅಂಟಿಸಿಬಿಟ್ಟೆ. ಹಾಳೆ ನೀರು ಕುಡಿದು ಸುಕ್ಕಾಯ್ತು. ಕೀಳೋಕೆ ಹೋದ್ರೆ ಅಜ್ಜಿ ಓಲೆ ಇದ್ದ ಕಡೆ ಮೇಲಿನ ಪದರ ಎದ್ದು ಬಂತು. ಹಳೇ ಫೋಟೊ ಯಾವುದನ್ನೂ ಅಂಟಿಸಬೇಡ. ಸ್ಕ್ಯಾನ್ ಮಾಡಿಸಿ ಪ್ರತಿ ತೆಗೆಸು, ಮೂಲ ಪ್ರತಿ ಬೀರುವಲ್ಲಿರಲಿ. ಅಂಟಿಸೋಕೆ ಎರಡೂ ಕಡೆ ಅಂಟಿರೋ ಟೇಪು ಸಾಕು.

ನೆಂಟರು ವಾಟ್ಸಾಪಲ್ಲಿ ಕಳಿಸಿದ ಫೋಟೊ ಕುಗ್ಗಿರುತ್ತೆ, ಪ್ರಿಂಟಲ್ಲಿ ಮಸುಕಾಗಬಹುದು. ಡಾಕ್ಯುಮೆಂಟ್ ಮಾಡಿ ಕಳಿಸಿ ಅಂತ ಕೇಳು. 4×6 ಸೈಜ್ ಸಾಕು, ಅದನ್ನೂ ಸ್ಟುಡಿಯೋದಲ್ಲೇ ಹಾಕಿಸು. ಮನೆ ಇಂಕಿನ ಪ್ರಿಂಟು ಒದ್ದೆ ಕೈ ತಾಗಿದ್ರೆ ಕದಡುತ್ತೆ, ಎರಡು ವರ್ಷದ ಮಗುವಿನ ಕೈ ಯಾವಾಗ ಒಣಗಿರುತ್ತೆ ಹೇಳು. ಹಾಳೆ ಬದಲು ದಪ್ಪ ರಟ್ಟು ಹಾಕಿ, ಜೆರಾಕ್ಸ್ ಅಂಗಡೀಲಿ ಸ್ಪೈರಲ್ ಬೈಂಡ್ ಮಾಡಿಸು. ಮಣಿ, ಗುಂಡಿ, ಮಿಂಚು ಯಾವುದೂ ಬೇಡ, ಅವನಿನ್ನೂ ಎಲ್ಲಾನೂ ಬಾಯಿಗಿಡೋ ವಯಸ್ಸು. ಗೂಡೂ ಬೇಡ. ದಿನಾ ಬೆಳಿಗ್ಗೆ ಕಿಟಕೀಲಿ ನಿಂತು ಅವನು ಕೈ ಬೀಸೋ ಕಸದ ಗಾಡಿ ಇದೆಯಲ್ಲ, ಮೊದಲ ಪುಟಕ್ಕೆ ಅದನ್ನೇ ಹಾಕು.

ಭಾನುವಾರ ಊರಿಗೆ ಬಾ. ರಟ್ಟು, ಟೇಪು ತಂದಿಟ್ಟಿರ್ತೀನಿ, ಕೂತು ಮಾಡೋಣ. ಅಲ್ಲೀತನಕ ಅವನು ಯಾವುದಕ್ಕೆ ಏನಂತಾನೆ ಅನ್ನೋದನ್ನ ಇವತ್ತಿಂದಲೇ ಒಂದು ಚೀಟೀಲಿ ಬರೆದಿಡು. ಪುಟ್ಟಿ ಮೊದಮೊದಲು ಬಸ್ಸಿಗೆ ಏನೋ ಒಂದು ಹೆಸರು ಹೇಳ್ತಿದ್ದಳು. ನನಗಾಗಲಿ ಅವಳಮ್ಮನಿಗಾಗಲಿ ಅದು ಈಗ ನೆನಪಿಗೆ ಬರ್ತಿಲ್ಲ.

ನಿನ್ನ,
ಸೀನ