ಹಾಫ್ ಮೂನ್ ಬೀಚಿನ ಆ ಅಣ್ಣನಿಗೆ

ಹೋದ ಡಿಸೆಂಬರ್‌ನಲ್ಲಿ ಗೋಕರ್ಣಕ್ಕೆ ಹೋಗಿದ್ದೆವು. ಕೋಟಿತೀರ್ಥ ನೋಡಿ, ಮಹಾಬಲೇಶ್ವರನಿಗೆ ಕೈ ಮುಗಿದು, ಮಧ್ಯಾಹ್ನದ ಮೇಲೆ ಓಂ ಬೀಚಿನಿಂದ ಗುಡ್ಡದ ಕಾಲುದಾರಿ ಹಿಡಿದು ಹಾಫ್ ಮೂನ್ ಬೀಚಿಗೆ ಇಳಿದೆವು. ಎರಡೂ ಕಡೆ ಬಂಡೆ, ನಡುವೆ ಅರ್ಧಚಂದ್ರದಂತೆ ಬಾಗಿದ ಪುಟ್ಟ ಮರಳದಂಡೆ. ಏಳುವ ಮನಸ್ಸೇ ಬರಲಿಲ್ಲ.

ತಪ್ಪು ನಮ್ಮದೇ, ಬಿಡಿ. ಕತ್ತಲಾಯಿತು. ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಹತ್ತುವಾಗ ಅಮ್ಮನ ಕಾಲು ಬೇರೆ ಉಳುಕಿತು. ಆಗ ಬಲೆ ಹೊತ್ತು ಬಂದವರು ನೀವು. ಬೈಯಲಿಲ್ಲ, ಜಾಸ್ತಿ ಮಾತೂ ಆಡಲಿಲ್ಲ. “ಹೆದ್ರಬೇಡಿ ಅಮ್ಮಾ, ದೋಣಿ ಅದೆ” ಎಂದಿರಿ, ಅಷ್ಟೇ. ಓಂ ಬೀಚಿಗೆ ಕರೆತಂದು, ಆಟೊ ಹತ್ತಿಸಿ, ದುಡ್ಡು ಕೊಡಲು ಹೋದರೆ ಸುಮ್ನೆ ನಕ್ಕು ಹೊರಟೇಬಿಟ್ಟಿರಿ.

ತುಂಬಾ ಥ್ಯಾಂಕ್ಸ್ ಅಣ್ಣಾ. ಅಮ್ಮ ಈಗ ಚೆನ್ನಾಗಿ ನಡೆಯುತ್ತಾರೆ. ನಿಮ್ಮ ಟಾರ್ಚ್ ಮಾತ್ರ ಇನ್ನೂ ನಮ್ಮ ಚೀಲದಲ್ಲೇ ಇದೆ.